ರೇಷ್ಮೆ ಧಣಿಯ ಹುಲ್ಲುಮಾಡಿನ ಮನೆ

ಆ ಮನೆಗೆ ಹುಲ್ಲಿನ ಮಾಡು ಇತ್ತು. ಬಸ್ಸಿನಲ್ಲಿ ಕುಳಿತು ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮನೆಗೆ ಕಲ್ಲಿನ ಕಂಬಗಳಿದ್ದವು, ಗಾಜಿನ ಗೊಂಚಲು ದೀಪಗಳಿದ್ದವು, ಗೇಟಿನ ಪಕ್ಕದಲ್ಲಿ ಕಾವಲುಗಾರನ ಗೂಡೂ ಇತ್ತು. ನಾಲ್ಕು ನೂಲು ಗಿರಣಿಗಳ ಒಡೆಯನ ಮನೆ ಇನ್ನು ಹೇಗಿರುತ್ತದೆ? ಎದುರಿಗೆ ಕಂಡದ್ದು ಮೊಳ ದಪ್ಪದ ಹುಲ್ಲು ಹೊದ್ದ, ಉದ್ದಕ್ಕೆ ಚಾಚಿಕೊಂಡ, ನೆಲಕ್ಕೆ ತೀರ ಹತ್ತಿರವಾಗಿ ಕುಳಿತ ಮನೆ. ಹಿಂದೆ ಗುಡ್ಡ, ಮುಂದೆ ಕೆರೆ. ಕೆರೆಯಂಚಿನಲ್ಲಿ ಒಬ್ಬ ಮುದುಕರು ಸಣ್ಣ ಸ್ಟೂಲಿನ ಮೇಲೆ ಕುಳಿತು ಬಣ್ಣದ ಪೆಟ್ಟಿಗೆ ತೆರೆದು ಚಿತ್ರ ಬರೆಯುತ್ತಿದ್ದರು.

"ಇದೇ ಅಮ್ಮ, ನೀನು ನೋಡಬೇಕು ಎಂದದ್ದು" ಎಂದಳು ಮಗಳು.

ಅವಳು ಯೊಕೊಹಾಮಾದಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿದೆ. ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಎರಡು ತಿಂಗಳ ಮಟ್ಟಿಗೆ ಅವಳ ಜೊತೆ ಇರಲು ಹೋಗಿದ್ದೆ. ಹೋಗುವ ಮುಂಚೆಯೇ ಹೇಳಿದ್ದೆ: ನನಗೆ ಎತ್ತರದ ಗೋಪುರ, ದೊಡ್ಡ ಅಂಗಡಿಗಳು ಬೇಡ, ರೇಷ್ಮೆಗೆ ಸಂಬಂಧಪಟ್ಟದ್ದು ಏನಿದ್ದರೂ ತೋರಿಸು. ಕನಕಪುರದ ಕಡೆಯ ಹಳ್ಳಿಯಲ್ಲಿ ಹುಳುವಿನ ಜೊತೆಗೇ ಬೆಳೆದವಳು ನಾನು. ಜೊತೆಗೇ ಎಂದರೆ ಅಕ್ಷರಶಃ ಜೊತೆಗೇ. ನಮ್ಮದು ಎರಡೇ ಅಂಕಣದ ಮನೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟೆದ್ದ ಮೇಲೆ ತಟ್ಟೆಗಳು ನಡುಮನೆಗೆ ಬರುತ್ತಿದ್ದವು, ನಾವು ಜಗುಲಿಗೆ ಹೋಗುತ್ತಿದ್ದೆವು. ರಾತ್ರಿ ಎಚ್ಚರವಾದರೆ ಒಳಗಿಂದ ಸಣ್ಣ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಅದು. ಆ ಸದ್ದು ಕೇಳಿ ಮಲಗಿದವರಿಗೆ ರೇಷ್ಮೆ ಎಂದರೆ ಮೊದಲು ನೆನಪಾಗುವುದು ಸೀರೆಯಲ್ಲ.

ಸಂಕೇಯೆನ್ ಎಂಬ ಆ ತೋಟವೂ ಅದರೊಳಗಿನ ಮನೆಯೂ ಹರಾ ತೊಮಿತಾರೊ ಎಂಬವರದು. ಅವರು ಹುಟ್ಟಾ ಧಣಿಯಲ್ಲ. 1868ರಲ್ಲಿ ಗಿಫು ಪ್ರಾಂತದ ಒಂದು ಹಳ್ಳಿಯ ಮುಖ್ಯಸ್ಥರ ಮನೆಯಲ್ಲಿ ಹುಟ್ಟಿ, ಓದಲು ಟೋಕಿಯೋಗೆ ಬಂದು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. ಅಲ್ಲಿ ಓದುತ್ತಿದ್ದ ಯಾಸು ಎಂಬ ಹುಡುಗಿ ಯೊಕೊಹಾಮಾದ ರೇಷ್ಮೆ ವರ್ತಕ ಹರಾ ಝೆನ್‌ಝಬುರೊ ಅವರ ಮೊಮ್ಮಗಳು. ಮದುವೆಯಾಯಿತು, ಮನೆ ಅಳಿಯನಾಗಿ ಹೆಂಡತಿಯ ಮನೆತನದ ಹೆಸರನ್ನೇ ಹೊತ್ತರು. 1899ರಲ್ಲಿ ಹಿರಿಯರು ತೀರಿಕೊಂಡ ಮೇಲೆ ಇಡೀ ವ್ಯವಹಾರ ಮೇಷ್ಟರ ಕೈಗೆ ಬಂತು. ನಾನೂ ಮೇಷ್ಟರ ಕೆಲಸ ಮಾಡಿದವಳಾದ್ದರಿಂದ ಈ ಸಂಗತಿ ನನಗೆ ಸ್ವಲ್ಪ ಹೆಚ್ಚೇ ಹತ್ತಿರವೆನಿಸಿತು.

ಯೊಕೊಹಾಮಾ ಬಂದರು ಹೊರಗಿನವರಿಗೆ ತೆರೆದದ್ದು 1859ರಲ್ಲಿ. ಅದೇ ಹೊತ್ತಿಗೆ ಫ್ರಾನ್ಸ್, ಇಟಲಿಗಳ ರೇಷ್ಮೆಹುಳುಗಳು ಗಂಟುರೋಗ ಬಡಿದು ಸಾಯುತ್ತಿದ್ದವು. ಮೊಟ್ಟೆಯಲ್ಲೇ ತಾಯಿಯಿಂದ ಮರಿಗೆ ದಾಟುವ ರೋಗ ಅದು. ಲೂಯಿ ಪಾಶ್ಚರ್ ಅಂಥವರು ವರ್ಷಗಟ್ಟಲೆ ಕುಳಿತು ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಉಪಾಯ ಕಂಡುಹಿಡಿಯುವವರೆಗೂ ಯುರೋಪಿನ ವರ್ತಕರು ಮೊಟ್ಟೆಗೂ ನೂಲಿಗೂ ಪೂರ್ವದ ಕಡೆ ಓಡಿಬಂದರು. ಬೆಟ್ಟದ ಹಳ್ಳಿಗಳಿಂದ ಕುದುರೆಯ ಬೆನ್ನ ಮೇಲೆ ಹಾಚಿಯೋಜಿ ಎಂಬ ಊರಿಗೆ ನೂಲು ಬರುತ್ತಿತ್ತು, ಅಲ್ಲಿಂದ ಯೊಕೊಹಾಮಾದ ಹಡಗಿಗೆ. ಹಳ್ಳಿಯವರಿಗೂ ವಿದೇಶಿ ಕೊಳ್ಳುಗರಿಗೂ ನಡುವೆ ನಿಂತು ತೂಕ, ದರ್ಜೆ, ಸಾಲ ಎಲ್ಲವನ್ನೂ ನೋಡಿಕೊಂಡ ವರ್ತಕರು ಶ್ರೀಮಂತರಾದರು. ಝೆನ್‌ಝಬುರೊ ಅವರಲ್ಲಿ ಒಬ್ಬರು. ಕೊಳ್ಳುಗರಲ್ಲಿ ಮುಂದೆ ಅಮೆರಿಕವೇ ದೊಡ್ಡದಾಯಿತು. 1909ರ ಹೊತ್ತಿಗೆ ಜಪಾನ್ ಚೀನಾವನ್ನೂ ಹಿಂದೆ ಹಾಕಿ ಜಗತ್ತಿಗೆ ಅತಿ ಹೆಚ್ಚು ಕಚ್ಚಾ ರೇಷ್ಮೆ ಮಾರುವ ದೇಶವಾಗಿತ್ತು.

ಅಳಿಯ ಬರೀ ವರ್ತಕನಾಗಿ ಉಳಿಯಲಿಲ್ಲ. 1902ರಲ್ಲಿ ಮಿತ್ಸುಯಿ ಸಂಸ್ಥೆಯಿಂದ ನಾಲ್ಕು ನೂಲು ಗಿರಣಿಗಳನ್ನು ಕೊಂಡರು. ಅದರಲ್ಲಿ ಒಂದು ತೊಮಿಯೊಕಾ, ಜಪಾನ್ ಸರ್ಕಾರವೇ 1872ರಲ್ಲಿ ಮಾದರಿಯೆಂದು ಕಟ್ಟಿಸಿದ್ದ ಗಿರಣಿ. ಅದೇ 1902ರಲ್ಲಿ ಈ ಹುಲ್ಲುಮಾಡಿನ ಮನೆಯೂ ಮುಗಿಯಿತು. ಹಾರುವ ಕೊಕ್ಕರೆ ರೆಕ್ಕೆ ಬಿಚ್ಚಿದಂತೆ ಕಾಣುತ್ತದೆ ಎಂದು ಅದಕ್ಕೆ ಕಾಕುಶೋಕಾಕು ಎಂದು ಹೆಸರು. ಹುಲ್ಲುಮಾಡು ಎಂದು ನಾನು ಹೇಳಿದ್ದನ್ನು ಕೇಳಿ ಗುಡಿಸಲು ಎಂದುಕೊಳ್ಳಬೇಡಿ. ಸುಮಾರು 950 ಚದರ ಮೀಟರ್ ಹರಡಿಕೊಂಡ ಮನೆ ಅದು. ಆದರೆ ದೊಡ್ಡದು ಎಂದು ಅದು ಕೂಗಿ ಹೇಳುವುದಿಲ್ಲ. ನಡುವೆ ಒಂದು ಕಾಲಕ್ಕೆ ಅದರ ಮೇಲೆ ಹಂಚು ಹೊದಿಸಿದ್ದರಂತೆ. 2000ದಲ್ಲಿ ದುರಸ್ತಿ ಮುಗಿಸಿದಾಗ ಮತ್ತೆ ಹುಲ್ಲನ್ನೇ ಹೊದಿಸಿದ್ದಾರೆ. ಒಳಗೆ ಬಿಡುವುದು ವರ್ಷದಲ್ಲಿ ಕೆಲವು ದಿನ ಮಾತ್ರ. ನಾವು ಹೋದ ದಿನ ಬಾಗಿಲು ಮುಚ್ಚಿತ್ತು.

ಹೊರಗೇ ನಿಂತು ತುಂಬ ಹೊತ್ತು ನೋಡಿದೆ. ಆಮೇಲೆ ತೋಟವನ್ನು ಸುತ್ತಿದೆವು. ಗುಡ್ಡದ ತುದಿಯಲ್ಲಿ ಮೂರಂತಸ್ತಿನ ಗೋಪುರ. 1457ರಲ್ಲಿ ಕ್ಯೋಟೋದ ಕಡೆಯ ತೋಮ್ಯೋಜಿ ಎಂಬ ದೇಗುಲದಲ್ಲಿ ಕಟ್ಟಿದ್ದನ್ನು 1914ರಲ್ಲಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದು. ಒಳತೋಟದಲ್ಲಿ 1649ರ ಅರಮನೆಯಂಥ ಬಂಗಲೆ, 1623ರ ಎರಡಂತಸ್ತಿನ ಪುಟ್ಟ ಮಂಟಪ. ಹೊಸ ಕಾಲದ ಗಾಳಿಗೆ ಸಿಕ್ಕಿ ಹಳೆಯ ದೇಗುಲಗಳೂ ಮನೆಗಳೂ ಪಾಳು ಬೀಳುತ್ತಿದ್ದಾಗ ಅವುಗಳ ಒಂದೊಂದು ತೊಲೆಗೂ ಗುರುತು ಹಾಕಿ ಕಳಚಿ ತಂದು, ಇಲ್ಲಿನ ಗಿಡ, ನೀರು, ಇಳಿಜಾರು ನೋಡಿ ಮತ್ತೆ ಜೋಡಿಸಿದರು. ಇಪ್ಪತ್ತು ವರ್ಷ ಹಿಡಿದ ಕೆಲಸ. ಒಳತೋಟ ಮುಗಿದದ್ದು 1922ರಲ್ಲಿ. ತಂದು ನಿಲ್ಲಿಸಿದ್ದೆಲ್ಲ ಮೊದಲಿನಿಂದಲೂ ಅಲ್ಲಿಯೇ ಇತ್ತೇನೋ ಎಂಬಂತೆ ಕಾಣುವಷ್ಟು ತಾಳ್ಮೆಯಿಂದ ಮಾಡಿದ್ದಾರೆ. ಇದನ್ನು ನಾನು ಮನಸಾರೆ ಮೆಚ್ಚಿದೆ.

ಇನ್ನೊಂದು ಸಂಗತಿ ನನ್ನನ್ನು ಅದಕ್ಕಿಂತ ಹೆಚ್ಚು ಕಲಕಿತು. ತನ್ನ ಮನೆ ಇರುವ ಈ ಹೊರತೋಟವನ್ನು ಹರಾ 1906ರಲ್ಲೇ ಊರಿನವರಿಗೆಲ್ಲ ತೆರೆದರು. ಹಣವಿಲ್ಲದೆ, ಗುರುತು ಕೇಳದೆ. ಯಾರು ಬೇಕಾದರೂ ಬಂದು ನೋಡಬಹುದು ಎಂಬ ಅರ್ಥದ ಫಲಕ ಬಾಗಿಲಲ್ಲಿತ್ತು. ಬೆಳಿಗ್ಗೆ ತನ್ನ ಮನೆಯ ಬಾಗಿಲು ತೆರೆದರೆ ಎದುರಿಗೆ ಅಪರಿಚಿತರು ಮಕ್ಕಳನ್ನು ಎತ್ತಿಕೊಂಡು ಪ್ಲಮ್ ಹೂವು ನೋಡುತ್ತಿರುವುದನ್ನು ಒಪ್ಪಿಕೊಂಡ ಧಣಿ ಅವರು. ಚೆಲುವಾದದ್ದು ಒಬ್ಬನ ಸ್ವತ್ತಲ್ಲ ಎಂದು ಬಾಯಲ್ಲಿ ಹೇಳುವವರು ಬಹಳ ಜನ ಇದ್ದಾರೆ, ಬಾಗಿಲು ತೆಗೆಯುವವರು ಕಡಿಮೆ.

ಗುಡ್ಡದ ಮೇಲೆ ಝೆನ್‌ಝಬುರೊ ಅವರ ಕಾಲದ ಇನ್ನೊಂದು ಮನೆ ಇತ್ತು. ಅದು ಈಗಿಲ್ಲ, ಅಡಿಪಾಯದ ಅವಶೇಷ ಮಾತ್ರ ಇದೆ. ಆಗ ಗುಡ್ಡದ ಬುಡಕ್ಕೇ ಸಮುದ್ರ ಬರುತ್ತಿತ್ತಂತೆ. ಈಗ ಅಲ್ಲಿ ನಿಂತರೆ ಸಮುದ್ರವನ್ನು ತುಂಬಿಸಿ ಮಾಡಿದ ನೆಲ, ಅದರ ಮೇಲೆ ತೈಲದ ಟ್ಯಾಂಕುಗಳು. 1916ರ ಬೇಸಿಗೆಯಲ್ಲಿ ರವೀಂದ್ರನಾಥ ಠಾಗೋರರು ಹರಾ ಅವರ ಅತಿಥಿಯಾಗಿ ಇದೇ ತೋಟದಲ್ಲಿ ವಾರಗಟ್ಟಲೆ ಇದ್ದರು. ಅದೇ ವರ್ಷ ಹೊರಬಂದ ಅವರ 'ಸ್ಟ್ರೇ ಬರ್ಡ್ಸ್' ಯೊಕೊಹಾಮಾದ ಟಿ. ಹರಾ ಅವರಿಗೇ ಅರ್ಪಿತವಾಗಿದೆ. ಶಾಲೆಯ ಗ್ರಂಥಾಲಯದಲ್ಲಿ ಆ ತೆಳ್ಳಗಿನ ಪುಸ್ತಕವನ್ನು ಎಷ್ಟೋ ಬಾರಿ ಕೈಗೆತ್ತಿಕೊಂಡಿದ್ದೇನೆ, ಅರ್ಪಣೆಯ ಸಾಲನ್ನೂ ಓದಿದ್ದೇನೆ. ಈ ಹರಾ ಯಾರು ಎಂದು ಒಂದು ದಿನವೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಗೂಡಿನ ನೂಲು ಮಾರಿದವರ ಹೆಸರು ಅದು ಎಂದು ತಿಳಿದಿದ್ದರೆ ನನ್ನ ಹಳ್ಳಿಯ ಮಕ್ಕಳಿಗೆ ಠಾಗೋರರ ಪಾಠವನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದೆ.

ಹರಾ ಅವರ ಮನೆಯಲ್ಲಿ ಠಾಗೋರರು ಶಿಮೊಮುರಾ ಕಾಂಝನ್ ಬರೆದ ಒಂದು ಚಿತ್ರವನ್ನು ನೋಡಿದರು. ಪ್ಲಮ್ ಮರದ ಕೆಳಗೆ ನಿಂತು ಮುಳುಗುವ ಸೂರ್ಯನ ಕಡೆ ಮುಖ ಮಾಡಿ ಕೈಮುಗಿದ ಕುರುಡ ಭಿಕ್ಷುಕನ ಚಿತ್ರ. ಅದರ ಪ್ರತಿ ತನಗೆ ಬೇಕೆಂದರು. ಪ್ರತಿ ಮಾಡಿದ ಅರಾಯಿ ಕಾಂಪೊ ಎಂಬ ಕಲಾವಿದ ಆಮೇಲೆ ಕಲ್ಕತ್ತೆಗೆ ಬಂದು ಪಾಠ ಹೇಳಿದರು, ಅಜಂತೆಗೆ ಹೋಗಿ ಗುಹೆಗಳ ಚಿತ್ರಗಳನ್ನು ನಕಲು ಮಾಡಿಕೊಂಡು ಹೋದರು. ಆ ನಕಲುಗಳು 1923ರ ಮಹಾ ಭೂಕಂಪದಲ್ಲಿ ಟೋಕಿಯೋದಲ್ಲಿ ಸುಟ್ಟುಹೋದವು. ಗುಡ್ಡದ ಮೇಲಿನ ಮನೆ ಹೋದದ್ದೂ ಅದೇ ಸೆಪ್ಟೆಂಬರ್ 1ರಂದು.

ಇಷ್ಟೆಲ್ಲ ನೋಡಿ, ಕೇಳಿ, ಸಂಜೆ ಬಸ್ಸು ಹತ್ತಿದಾಗ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿಯಿತು. ಅದು ಏನೆಂದು ಮನೆ ತಲುಪುವ ಹೊತ್ತಿಗೆ ಗೊತ್ತಾಯಿತು. ಇಡೀ ದಿನ ರೇಷ್ಮೆ ಧಣಿಯ ಮನೆಯ ಸುತ್ತ ನಡೆದಿದ್ದೆ. ಒಂದು ಎಳೆ ರೇಷ್ಮೆ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಗೂಡು, ಒಂದು ಹಿಪ್ಪುನೇರಳೆ ಎಲೆ, ಬಿಸಿನೀರಿನಲ್ಲಿ ಬೆಂದ ಒಂದು ಬೆರಳು ಎಲ್ಲೂ ಇರಲಿಲ್ಲ. 1903ರಲ್ಲಿ, ಗಿರಣಿಗಳನ್ನು ಕೊಂಡ ಮರುವರ್ಷ, ನವಿಲನ್ನೇರಿದ ಬೌದ್ಧ ದೇವತೆಯ ಹಳೆಯ ಚಿತ್ರವೊಂದಕ್ಕೆ ಹರಾ 10,000 ಯೆನ್ ಕೊಟ್ಟರು. ಆ ಚಿತ್ರ ಇಂದು ಜಪಾನಿನ ರಾಷ್ಟ್ರೀಯ ನಿಧಿ. ಅವರ ಕಣ್ಣು ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ಹತ್ತು ಸಾವಿರ ಯೆನ್ ಯಾರ ಯಾರ ಕೈ ದಾಟಿ ಬಂತು ಎಂದು ನೋಡದೆ ನಾನು ಊರಿಗೆ ಮರಳುವ ಹಾಗಿರಲಿಲ್ಲ.

ಮುಂದಿನ ವಾರ ತೊಮಿಯೊಕಾಗೆ ಹೊರಟೆವು. ತಕಾಸಾಕಿಯವರೆಗೆ ದೊಡ್ಡ ರೈಲು, ಅಲ್ಲಿಂದ ಹಳ್ಳಿಗಳ ನಡುವೆ ಕುಲುಕುತ್ತ ಹೋಗುವ ಎರಡು ಬೋಗಿಯ ಪುಟ್ಟ ರೈಲು. ಗಿರಣಿ ಕಂಡೊಡನೆ ಮಾತು ನಿಂತಿತು. ನೂಲು ಬಿಚ್ಚುವ ಕಟ್ಟಡವೊಂದೇ 140 ಮೀಟರ್ ಉದ್ದ. ಅತ್ತ ಇತ್ತ ಗೂಡು ತುಂಬಿಡುವ ಎರಡು ಉಗ್ರಾಣಗಳು, ಒಂದೊಂದೂ 104 ಮೀಟರ್. ಮರದ ಚೌಕಟ್ಟು, ನಡುವೆ ಕೆಂಪು ಇಟ್ಟಿಗೆ. ಇಟ್ಟಿಗೆ ಎಂದರೇನೆಂದೇ ಆಗ ಅಲ್ಲಿನವರಿಗೆ ಗೊತ್ತಿರಲಿಲ್ಲವಾದ್ದರಿಂದ ಹಂಚು ಮಾಡುವ ಕುಂಬಾರರಿಗೆ ಹೇಳಿಕೊಟ್ಟು ಸುಡಿಸಿದರು. ಕಟ್ಟಿಸಿದವರು ಪೌಲ್ ಬ್ರ್ಯೂನಾ ಎಂಬ ಫ್ರೆಂಚ್ ತಜ್ಞ. ಗೂಡನ್ನು ಬಿಸಿನೀರಿನಲ್ಲಿಟ್ಟು ಎಳೆ ಬಿಚ್ಚುವ ಮುನ್ನೂರು ಬಾಂಡಲಿಗಳ ಗಿರಣಿ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಗಿರಣಿಗಳಲ್ಲಿ ಒಂದು.

ಗಿರಣಿ ಸಿದ್ಧವಾಯಿತು, ಹುಡುಗಿಯರು ಬರಲಿಲ್ಲ. ಕೆಂಪು ವೈನ್ ಕುಡಿಯುವ ವಿದೇಶಿಯರು ಹೆಣ್ಣುಮಕ್ಕಳ ರಕ್ತ ಹೀರುತ್ತಾರೆ ಎಂಬ ವದಂತಿ ಹಬ್ಬಿತ್ತು. ಕೊನೆಗೆ ಗಿರಣಿಯ ಮೊದಲ ಮುಖ್ಯಸ್ಥ ಒದಾಕಾ ಅತ್ಸುತಾದಾ ತಮ್ಮ ಸ್ವಂತ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ತಂದು ಕೂರಿಸಿದರು. ಆಮೇಲೆ ಬಂದವರಲ್ಲಿ ವಾದಾ ಎಯಿ ಎಂಬ ಸಮುರಾಯ್ ಮನೆತನದ ಹುಡುಗಿಯೂ ಇದ್ದಳು. 1873ರಲ್ಲಿ ಬಂದು ಕೆಲಸ ಕಲಿತು ಹೋದ ಅವಳು ಎಷ್ಟೋ ವರ್ಷದ ಮೇಲೆ ತನ್ನ ನೆನಪುಗಳನ್ನು ಬರೆದಿಟ್ಟಳು. ಗೂಡು ಆರಿಸುವ ಕೆಲಸದಿಂದ ಬಾಂಡಲಿಗೆ ಏರಿದ್ದು, ಮೊದಲ ದರ್ಜೆಗೆ ಹೆಸರು ಬಂದ ದಿನ ಅತ್ತದ್ದು ಎಲ್ಲವೂ ಅದರಲ್ಲಿದೆಯಂತೆ. ಮೊದಲ ದರ್ಜೆಯವರಿಗೆ ತಿಂಗಳಿಗೆ 1 ಯೆನ್ 75 ಸೆನ್ (ನೂರು ಸೆನ್ ಸೇರಿದರೆ ಒಂದು ಯೆನ್). ಬ್ರ್ಯೂನಾ ಅವರಿಗೆ ತಿಂಗಳಿಗೆ 600 ಯೆನ್.

ಬ್ರ್ಯೂನಾ ಅವರ ಮನೆಯೂ ಅದೇ ಆವರಣದಲ್ಲಿದೆ. ನೆಲದಿಂದ ಎತ್ತರಿಸಿ ಕಟ್ಟಿದ್ದು, ಸುತ್ತ ಅಗಲವಾದ ವರಾಂಡ. ನಮ್ಮ ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಯೊಂದನ್ನು ಎತ್ತಿ ತಂದು ಇಟ್ಟಂತಿದೆ. ಕೆಳಗೆ ಇಟ್ಟಿಗೆಯ ನೆಲಮಾಳಿಗೆ. 1873ರಲ್ಲಿ ಕಟ್ಟಿದರು, ಮೂರು ವರ್ಷ ತುಂಬುವ ಹೊತ್ತಿಗೆ ಅವರು ಕುಟುಂಬದೊಡನೆ ಹೊರಟುಹೋದರು. ಆಮೇಲೆ ಆ ಮನೆ ಗಿರಣಿಯ ಹುಡುಗಿಯರಿಗೆ ವಸತಿಯಾಯಿತು, ಶಾಲೆಯಾಯಿತು. ದಿನದ ಕೆಲಸ ಮುಗಿಸಿ ಬಂದ ಹುಡುಗಿಯರು ಅಲ್ಲಿ ಓದು, ಬರಹ, ಹೊಲಿಗೆ ಕಲಿತರು. 600 ಯೆನ್ನಿನ ಮನೆಯಲ್ಲಿ ಕುಳಿತು ಅವರು ಅಕ್ಷರ ತಿದ್ದಿದರು ಎಂಬುದನ್ನು ಯೋಚಿಸಿ ನನಗೆ ಗಂಟಲು ಕಟ್ಟಿತು. ಮಗಳಿಗೆ ಅದನ್ನು ಹೇಳಲು ಹೋಗಿ ಆಗದೆ ಸುಮ್ಮನಾದೆ.

ಸರ್ಕಾರದ ಕಾಲದಲ್ಲಿ ಇಲ್ಲಿ ದಿನಕ್ಕೆ ಸುಮಾರು ಎಂಟು ಗಂಟೆ ಕೆಲಸ, ಭಾನುವಾರ ರಜೆ, ಒಬ್ಬ ವೈದ್ಯರು ಇದ್ದರು. ಇದು ಮಾದರಿ ಗಿರಣಿ. ಇದನ್ನು ನೋಡಿ ಎಲ್ಲೆಡೆ ಎದ್ದ ಖಾಸಗಿ ಗಿರಣಿಗಳು ಯಂತ್ರವನ್ನು ನಕಲು ಮಾಡಿದವು, ರಜೆಯನ್ನು ಮಾಡಲಿಲ್ಲ. ನಾಗಾನೊ ಕಡೆಯ ಗಿರಣಿಗಳಲ್ಲಿ ಹದಿಮೂರು ಹದಿನಾಲ್ಕು ಗಂಟೆಯ ದುಡಿಮೆ, ಹಬೆ ತುಂಬಿದ ಕೋಣೆ, ಕ್ಷಯ. ಹುಡುಗಿಯರನ್ನು ಒಬ್ಬರ ವಿರುದ್ಧ ಒಬ್ಬರನ್ನು ನಿಲ್ಲಿಸಿ ದರ್ಜೆ ಹಚ್ಚಿ, ನೂಲು ಕೆಟ್ಟರೆ ಕೂಲಿಯಲ್ಲಿ ಹಿಡಿಯುತ್ತಿದ್ದರು. 1886ರಲ್ಲಿ ಕೋಫು ಎಂಬ ಊರಿನ ಗಿರಣಿಯ ಹೆಣ್ಣುಮಕ್ಕಳು ಕೆಲಸ ಬಿಟ್ಟು ದೇಗುಲಕ್ಕೆ ಹೋಗಿ ಕುಳಿತುಬಿಟ್ಟರು. ಜಪಾನಿನ ಕಾರ್ಖಾನೆಗಳ ಮೊದಲ ಮುಷ್ಕರ ಅದೇ ಎನ್ನುತ್ತಾರೆ. ಇದನ್ನು ಓದಿದಾಗ ನನಗೆ ರಾಮನಗರದ ಚರಕದ ಮನೆಗಳು ನೆನಪಾದವು. ಹೈಸ್ಕೂಲು ಬಿಟ್ಟು ನೂಲು ಬಿಚ್ಚಲು ಹೋದ ನನ್ನ ವಿದ್ಯಾರ್ಥಿನಿಯೊಬ್ಬಳು ಎರಡು ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಮಾತನಾಡುವಾಗ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಬೆರಳ ಸಂದುಗಳೆಲ್ಲ ಬಿಳಿಚಿ ಒಡೆದಿದ್ದವು.

ಹರಾ ಅವರ ಗಿರಣಿ ಅವೆಲ್ಲವುಗಳಂತೆ ಇತ್ತೆಂದು ನಾನು ಹೇಳುತ್ತಿಲ್ಲ. ಅವರು ತೊಮಿಯೊಕಾವನ್ನು ಹಿಡಿದದ್ದು 1902ರಿಂದ 1938ರವರೆಗೆ. ಆ ಕಾಲದಲ್ಲಿ ಅವರು ಮಾಡಿದ ಒಂದು ಕೆಲಸದ ಮಹತ್ವ ಹುಳು ಸಾಕಿದವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ: ರೈತರಿಗೆ ಒಳ್ಳೆಯ ಮೊಟ್ಟೆ ಕೊಟ್ಟರು. ತೊಯಾಮಾ ಕಮೆತಾರೊ ಎಂಬ ವಿಜ್ಞಾನಿ 1906ರಲ್ಲಿ, ಎರಡು ತಳಿಗಳ ಮೊದಲ ಪೀಳಿಗೆಯ ಮಿಶ್ರಹುಳು ತಂದೆತಾಯಿಗಿಂತ ಗಟ್ಟಿ, ಅದರ ಗೂಡೂ ದೊಡ್ಡದು ಎಂದು ತೋರಿಸಿ ಅದನ್ನೇ ಸಾಕಬೇಕೆಂದರು. ಗಿರಣಿಗೆ ಬೇಕಾದದ್ದು ಒಂದೇ ಬಗೆಯ ನೂಲು. ಹತ್ತು ಹಳ್ಳಿಗಳಿಂದ ಹತ್ತು ತಳಿಯ ಗೂಡು ಬಂದರೆ ನೂಲು ಒಂದೇ ಸಮ ಬರುವುದು ಹೇಗೆ? ಅದಕ್ಕೇ ಗಿರಣಿಯೇ ಆರಿಸಿದ ಮೊಟ್ಟೆಯನ್ನು ರೈತರಿಗೆ ಹಂಚಿ, ಅದೇ ಗೂಡನ್ನು ಮರಳಿ ಕೊಳ್ಳುವ ಪದ್ಧತಿ ಬೆಳೆಯಿತು.

ಆ ಮಿಶ್ರತಳಿಯ ವಿದ್ಯೆ ನಮ್ಮ ಅಟ್ಟಣೆಗಳಿಗೂ ಬಂತು. ಟಿಪ್ಪುವಿನ ಕಾಲದಿಂದ ಬಂದ ನಮ್ಮ ಮೈಸೂರು ತಳಿಯ ಗೂಡು ಚಿಕ್ಕದು, ತುದಿ ಚೂಪು, ತಿಳಿ ಹಸಿರು ಬೆರೆತ ಹಳದಿ. ಬಿಸಿಲಿಗೂ ಬರಕ್ಕೂ ಜಗ್ಗದ ಹುಳು, ಆದರೆ ನೂಲು ಕಡಿಮೆ. ಅದಕ್ಕೆ ಹೊರಗಿನ ತಳಿಗಳನ್ನು ಕೂಡಿಸಿ ಮಿಶ್ರತಳಿ ಮಾಡುತ್ತ ಬಂದರು. ಜಪಾನಿ ಮೂಲದ ಸಿ. ನಿಚಿ ಅಂಥದ್ದರಲ್ಲಿ ಒಂದು. 1991ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ಜಪಾನಿನ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಗೇ ಬಂದು ನಮ್ಮ ವಿಜ್ಞಾನಿಗಳೊಡನೆ ಕೆಲಸ ಮಾಡಿದರು. ಸಿಎಸ್‌ಆರ್ ಎಂದು ಈಗ ರೈತರ ಬಾಯಲ್ಲಿ ಓಡಾಡುವ, ಬಿಳಿ ಗೂಡಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಹುಳುಗಳು ಬಂದದ್ದು ಆ ಕಾಲದಲ್ಲೇ. ಹಿಂದೆ ನಮ್ಮೂರಿನಲ್ಲಿ ಬಿಳಿ ಗೂಡು ಎಂದರೆ ನೋಡಲು ಜನ ಬರುತ್ತಿದ್ದರು. ಇನ್ನು, 1980ರಲ್ಲಿ ಕರ್ನಾಟಕಕ್ಕೆ ನುಗ್ಗಿ ಗೂಡುಗಳನ್ನು ತೂತು ಮಾಡಿದ ಊಜಿ ನೊಣವನ್ನು ಬೈಯದ ರೈತರಿಲ್ಲ. ಆ ನೊಣ ಬಂಗಾಳದ ಕಡೆಯಿಂದ ಬಂದದ್ದು, ಆದರೆ 'ಉಜಿ' ಜಪಾನಿ ಮಾತು, ಅದಕ್ಕೆ ನೊಣದ ಮರಿಹುಳು ಎಂದರ್ಥ. ಮಗಳು ಇದನ್ನು ಹೇಳಿದಾಗ ರೈಲಿನಲ್ಲಿ ಇಬ್ಬರೂ ಜೋರಾಗಿ ನಕ್ಕೆವು.

ನಗದ ಮಾತೂ ಒಂದಿದೆ. 1929ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆ ಕುಸಿದಾಗ ಅಲ್ಲಿನ ಹೆಂಗಸರು ರೇಷ್ಮೆ ಕಾಲುಚೀಲ ಕೊಳ್ಳುವುದು ಕಡಿಮೆಯಾಯಿತು, ಯೊಕೊಹಾಮಾದಲ್ಲಿ ನೂಲಿನ ಬೆಲೆ ನೆಲ ಕಚ್ಚಿತು. ಜಪಾನಿನ ಹಳ್ಳಿಗಳಲ್ಲಿ ಗೂಡು ಕೇಳುವವರಿರಲಿಲ್ಲ. ಆ ಅಗ್ಗದ ನೂಲು, ಅಗ್ಗದ ಬಟ್ಟೆ ಹಿಂದೂಸ್ತಾನದ ಬಂದರುಗಳಿಗೂ ಬಂದು ಬಿತ್ತು. ಮೈಸೂರು ಸಂಸ್ಥಾನದ ನೂಲು ಬಿಚ್ಚುವವರು ಆ ಬೆಲೆಗೆ ನೂಲು ಕೊಡಲಾರದೆ ಕೈಚೆಲ್ಲಿದರು, ಅವರ ಹಿಂದೆ ರೈತರು. ಸುಂಕ ಮಂಡಳಿ ವಿಚಾರಣೆ ನಡೆಸಿ 1934ರಲ್ಲಿ ರಕ್ಷಣಾ ಸುಂಕ ಹಾಕುವಷ್ಟು ಹೊಡೆತ ಬಿದ್ದಿತ್ತು. ನನ್ನ ತಾತ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೇರು ಕೀಳುವಾಗ ಮುತ್ತಜ್ಜಿ ಹೊಲದ ಬದುವಿನಲ್ಲಿ ಕುಳಿತು ಸತ್ತವರಿಗೆ ಅಳುವಂತೆ ಅತ್ತಳಂತೆ. ಯಾಕೆ ಬೆಲೆ ಬಿತ್ತು ಎಂಬುದು ತಾತನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಶನಿ ಕಾಟ ಎಂದೇ ಹೇಳುತ್ತಿದ್ದರು. ಯುದ್ಧ ಬಂದು ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಮತ್ತೆ ಕಡ್ಡಿ ನೆಟ್ಟರು.

ಹರಾ ಅವರ ಬದುಕಿನ ಕೊನೆಯ ಭಾಗವೂ ಸುಖದ್ದಲ್ಲ. 1920ರಲ್ಲಿ ನೂಲಿನ ಬೆಲೆ ಮುರಿದು ಯೊಕೊಹಾಮಾದ ಇನ್ನೊಂದು ದೊಡ್ಡ ರೇಷ್ಮೆ ಮನೆತನ ಮುಳುಗಿತು, ಅದರೊಡನೆ ಅವರ ಬ್ಯಾಂಕೂ ಮುಳುಗಿತು. ಠೇವಣಿದಾರರನ್ನು ಉಳಿಸಲು ಹೊಸ ಬ್ಯಾಂಕು ಕಟ್ಟುವ ಹೊಣೆಯನ್ನು ಹರಾ ಹೊತ್ತರು. ಮೂರು ವರ್ಷಕ್ಕೆ ಭೂಕಂಪ. ಊರೇ ಬೂದಿಯಾಯಿತು. ನಗರದ ಪುನರ್‌ನಿರ್ಮಾಣ ಸಂಘದ ಅಧ್ಯಕ್ಷರಾಗಿ ತಮ್ಮ ಹಣ, ಸಮಯ ಎರಡನ್ನೂ ಅದಕ್ಕೆ ಸುರಿದರು. ಚಿತ್ರಗಳನ್ನು ಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದರು. ರೇಷ್ಮೆ ವ್ಯಾಪಾರ ಕೋಬೆಗೆ ಹೋಗಿಬಿಡಬಾರದೆಂದು ಅವಶೇಷಗಳ ನಡುವೆಯೇ ಅದೇ ತಿಂಗಳಲ್ಲಿ ಮತ್ತೆ ವಹಿವಾಟು ತೆರೆಸಿದರು. 1937ರಲ್ಲಿ ಹಿರಿಯ ಮಗ ತೀರಿಕೊಂಡ. ಗಿರಣಿ ಕೈಬಿಟ್ಟಿತು. 1939ರ ಆಗಸ್ಟಿನಲ್ಲಿ ಹರಾ ಹೋದರು. ಅಷ್ಟರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿತ್ತು.

ನೂಲಿನ ಬೆಲೆಯ ಕುಸಿತ ಬೇರೆ ಬೇರೆ ಹೊತ್ತಿನಲ್ಲಿ ಇಬ್ಬರನ್ನೂ ಮುಟ್ಟಿತ್ತು. ಆ ಮನೆಯಲ್ಲಿ, ಭೂಕಂಪವೂ ಸೇರಿಕೊಂಡು, ಗೋಡೆಗೆ ಹೊಸ ಚಿತ್ರ ಬರುವುದು ನಿಂತಿತು, ನಮ್ಮ ಮನೆಯಲ್ಲಿ ಹೊಲದ ಗಿಡ ಹೋಯಿತು. ಇದನ್ನು ಹಗೆಯಿಂದ ಬರೆಯುತ್ತಿಲ್ಲ. ಹರಾ ಅವರ ಬಗ್ಗೆ ನನಗೆ ಹಗೆ ಹುಟ್ಟಲಿಲ್ಲ, ಗೌರವವೇ ಹುಟ್ಟಿತು. ಆದರೆ ಅವರ ತೋಟದ ದಾರಿಯಲ್ಲಿ ಒಂದು ಹಿಪ್ಪುನೇರಳೆ ಗಿಡ ಇರಬೇಕಿತ್ತು, ಆ ಹುಲ್ಲುಮಾಡಿನ ಕೆಳಗೆ ಒಂದು ಬಾಂಡಲಿ ಇರಬೇಕಿತ್ತು ಎಂದು ಮಾತ್ರ ಈಗಲೂ ಅನ್ನಿಸುತ್ತದೆ. ನೋಡಲು ಬಂದವರಿಗೆ ಅದೂ ಗೊತ್ತಾಗಬೇಕು.

ತೊಮಿಯೊಕಾದಲ್ಲಿ ಹೊರಡುವ ಮುಂಚೆ ಒಬ್ಬ ಹೆಂಗಸು ಕೈಯಲ್ಲಿ ತಿರುಗಿಸುವ ಹಳೆಯ ರಾಟೆಯಲ್ಲಿ ನೂಲು ಬಿಚ್ಚಿ ತೋರಿಸುತ್ತಿದ್ದರು. ಬಾಂಡಲಿಯ ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಸಣ್ಣ ಹುಲ್ಲಿನ ಬರಲಿನಿಂದ ಅವುಗಳನ್ನು ಮೆಲ್ಲಗೆ ಸವರಿ, ಎಳೆಯ ತುದಿಗಳನ್ನು ಎತ್ತಿ, ಐದಾರನ್ನು ಸೇರಿಸಿ ರಾಟೆಗೆ ಕೊಟ್ಟರು. ಒಂದೊಂದು ಗೂಡಿನಲ್ಲೂ ಸಾವಿರ ಮೀಟರಿಗೂ ಹೆಚ್ಚು ಎಳೆ. ಬೆಂದ ಗೂಡಿನ ವಾಸನೆ ಬಂತು. ಮೂಗು ಮುಚ್ಚಿಕೊಂಡವರೂ ಇದ್ದರು. ನಾನು ಹತ್ತಿರ ಹೋಗಿ ನಿಂತೆ. ಅದು ರಾಮನಗರದ ಓಣಿಗಳ ವಾಸನೆ, ಒಂದು ಕೂದಲೆಳೆಯಷ್ಟೂ ಬೇರೆಯಲ್ಲ. ಹುಳುವನ್ನು ಇಲ್ಲಿ ಏನೆಂದು ಕರೆಯುತ್ತಾರೆಂದು ಮಗಳ ಮೂಲಕ ಕೇಳಿದೆ. ಹಿಂದಿನವರು 'ಒಕಾಯಿಕೊ ಸಾಮಾ' ಎನ್ನುತ್ತಿದ್ದರಂತೆ. ದೊಡ್ಡವರಿಗೆ ಸೇರಿಸುವ ಗೌರವದ ಮಾತನ್ನು ಹುಳುವಿನ ಹೆಸರಿಗೂ ಸೇರಿಸಿ. ನಮ್ಮ ಅವ್ವ ಚಪ್ಪಲಿ ಹಾಕಿಕೊಂಡು ಹುಳುಮನೆಗೆ ಯಾರನ್ನೂ ಬಿಡುತ್ತಿರಲಿಲ್ಲ.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಎರಡೂ ಕಡೆ ನೋಡಿದ್ದನ್ನೆಲ್ಲ ಹೇಳಿದೆ. ಅವಳಿಗೆ ಈಗ ಎಂಬತ್ತು ದಾಟಿದೆ. ಮೊದಲ ಪ್ರಶ್ನೆ, ಅಲ್ಲಿ ಗೂಡಿಗೆ ಏನು ಬೆಲೆ ಎಂದು. ಈಗ ಸಾಕುವವರೇ ಬಹಳ ಕಡಿಮೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಧಣಿಯ ಮನೆ ಉಳಿಸಿಕೊಂಡಿದ್ದಾರೆ, ಗಿರಣಿ ಉಳಿಸಿಕೊಂಡಿದ್ದಾರೆ. ಹುಳು ಸಾಕಿದವರ ಮನೆ ಉಳಿಸಲಿಲ್ಲವೇ?"

ಮಗಳು ಹುಡುಕಿ ನೋಡಿ, "ಅಮ್ಮ, ಅಂಥದ್ದು ನಾವು ಹೋಗಿದ್ದ ತೋಟದಲ್ಲೇ ಇದೆ. ನೀನು ಗೋಪುರ ನೋಡುವ ಆತುರದಲ್ಲಿ ಒಳಗೆ ಬರಲಿಲ್ಲ" ಎಂದಳು. ಮತ್ತೆ ಹೋದೆವು.

ಯಾನೊಹರಾ ಮನೆ ಎಂದು ಅದರ ಹೆಸರು. ಗಿಫು ಪ್ರಾಂತದ ಬೆಟ್ಟಗಳ ನಡುವಿನ ಹಳ್ಳಿಯದು. ಹರಾ ಅವರೂ ಅದೇ ಪ್ರಾಂತದವರು, ಆದರೆ ಇದನ್ನು ತಂದವರು ಅವರಲ್ಲ. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗುವುದೆಂದಾದಾಗ 1960ರಲ್ಲಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದು. ಕೈಮುಗಿದಂತೆ ಕಡಿದಾಗಿ ಇಳಿಯುವ ಹುಲ್ಲಿನ ಮಾಡು. ಸಿರಿವಂತ ರೈತನ ಮನೆಯೇ, ನಮ್ಮದರ ಹಾಗಲ್ಲ. ಬಾಗಿಲು ತೆರೆದಿತ್ತು. ಒಳಗೆ ಒಲೆಗುಂಡಿಯಲ್ಲಿ ನಿಜವಾಗಿಯೂ ಬೆಂಕಿ ಉರಿಯುತ್ತಿತ್ತು. ಹೊಗೆ ಹುಲ್ಲಿಗೆ ತಾಗುತ್ತಿದ್ದರೆ ಹುಳ ಹಿಡಿಯುವುದಿಲ್ಲ ಎಂದು ದಿನವೂ ಹಚ್ಚುತ್ತಾರೆ. ಇಂಥ ಮನೆಗಳಲ್ಲಿ ಮಾಡಿನ ಕೆಳಗಿನ ವಿಶಾಲವಾದ ಅಟ್ಟವೇ ಹುಳು ಸಾಕುವ ಜಾಗ. ಏಣಿಯಂಥ ಮೆಟ್ಟಿಲು ಹತ್ತಿ ಮೇಲೆ ಹೋದೆ. ಕಪ್ಪಾಗಿ ಹೊಳೆಯುವ ತೊಲೆಗಳು, ಹಗ್ಗದ ಕಟ್ಟುಗಳು, ಹಳೆಯ ಒಕ್ಕಲುತನದ ಸಾಮಾನುಗಳು. ಕೆಳಗಿನ ಬೆಂಕಿಯ ಬಿಸಿ ಕಾಲಿಗೆ ತಾಗುತ್ತಿತ್ತು.

ವಿಡಿಯೋ ಕರೆ ಮಾಡಿ ಮೊಬೈಲನ್ನು ಸುತ್ತ ತಿರುಗಿಸಿ ಅವ್ವನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಸಿಕೊಂಡು ಪರದೆಗೆ ಮುಖ ಒತ್ತಿ ನೋಡಿದಳು.

"ಕಿಟಕಿ ಎರಡು ಕಡೆಯೂ ಇದೆಯೇ?"

"ಇದೆ, ಎದುರುಬದುರು."

"ಹಾಗಾದರೆ ಗಾಳಿ ಆಡುತ್ತದೆ. ಕೆಳಗೆ ಬೆಂಕಿ ಬೇರೆ. ಚಳಿಗೆ ಹುಳು ಮಂಕಾಗುವುದಿಲ್ಲ" ಎಂದಳು ಅವ್ವ. "ನಿನ್ನ ತಮ್ಮ ಹುಟ್ಟಿದ ವರ್ಷ ಮಾಗಿಯಲ್ಲಿ ನಮ್ಮ ಬೆಳೆ ಪೂರ್ತಿ ಹೋಯಿತಲ್ಲ, ಆಗ ನಮಗೆ ಇಂಥದ್ದೊಂದು ಅಟ್ಟ ಇರಬೇಕಿತ್ತು. ಸೊಪ್ಪು ಹೊತ್ತು ಆ ಮೆಟ್ಟಿಲು ಹತ್ತುವುದು ಮಾತ್ರ ಕಷ್ಟ. ಯಾರು ಹೊರುತ್ತಿದ್ದರಂತೆ, ಕೇಳು."